ಹಾಟ್‌ಸ್ಪಾಟ್‌ಗೂ ಮೊದಲಿನ ಹಂಚಿಕೆ: ಬ್ಲೂಟೂತಿನ ಮರೆತ ಕಥೆ

ಕೇಳ್ತಾ ಕೇಳ್ತಾನೇ ನಿಮ್ಮ ಫೋನಿನ ಸೆಟ್ಟಿಂಗ್ಸ್ ತೆಗೀರಿ. ಹಾಟ್‌ಸ್ಪಾಟ್ ಇರೋ ಜಾಗದಲ್ಲೇ 'ಬ್ಲೂಟೂತ್ ಟೆದರಿಂಗ್' ಅಂತ ಒಂದು ಸಾಲು ಕಾಣುತ್ತೆ. ಒಂದು ಸಲಾನಾದ್ರೂ ಒತ್ತಿದ್ದೀರಾ? ಬಹುಶಃ ಇಲ್ಲ. ಇವತ್ತಿನ ಕಥೆ ಆ ಸಾಲಿನದು.

1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಬ್ಲೂಟೂತ್ ಕೆಲಸ ಶುರುವಾಯ್ತು. ಆಗಿನ ಗುರಿ ಸರಳ. ಫೋನಿಗೂ ಪಕ್ಕದ ಸಾಧನಕ್ಕೂ ನಡುವಿನ ವೈರು ಕಿತ್ತುಹಾಕಬೇಕು, ಅಷ್ಟೇ. 1998ರಲ್ಲಿ ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಜೊತೆಗೂಡಿದವು. ಹೆಸರು ಹತ್ತನೇ ಶತಮಾನದ ಡೆನ್ಮಾರ್ಕ್ ದೊರೆ ಹರಾಲ್ಡ್‌ನ ಅಡ್ಡಹೆಸರು, 'ನೀಲಿ ಹಲ್ಲು'. ರಾಜನ ಹಲ್ಲು ನಮ್ಮ ಜೇಬಿಗೆ ಬಂದದ್ದು ಹೀಗೆ.

ಇಂಟರ್ನೆಟ್ ಹಂಚೋ ವ್ಯವಸ್ಥೆ ಶುರುವಿನಿಂದಲೇ ಅದರೊಳಗಿತ್ತು. ಫೋನು ಜೇಬಲ್ಲೇ ಇರ್ತಿತ್ತು. ಲ್ಯಾಪ್‌ಟಾಪು ಬ್ಲೂಟೂತಿನಲ್ಲಿ ಅದನ್ನೇ ಮೋಡೆಮ್ ಮಾಡ್ಕೊಂಡು *99# ಡಯಲ್ ಮಾಡ್ತಿತ್ತು. ಜಿಪಿಆರ್‌ಎಸ್ ಕಾಲದಲ್ಲಿ ನೆಟ್ ಬರ್ತಿದ್ದದ್ದೇ ಸೆಕೆಂಡಿಗೆ 40-50 ಕಿಲೋಬಿಟ್. ಬ್ಲೂಟೂತಿಗೆ 700ರ ಮೇಲೆ ಹರಿಸೋ ತಾಕತ್ತು. 2009ರಲ್ಲಿ ಐಫೋನಿಗೆ ಟೆದರಿಂಗ್ ಬಂದಾಗಲೂ ಯುಎಸ್‌ಬಿ ಮತ್ತು ಬ್ಲೂಟೂತ್ ಎರಡೇ. ವೈಫೈ ಹಾಟ್‌ಸ್ಪಾಟ್ ಸೇರಿದ್ದು 2011ರಲ್ಲಿ.

ಆಮೇಲೆ ಬ್ಲೂಟೂತ್ ಸೋತಿತು ಅಂತಾರೆ. ನಾನು ಒಪ್ಪಲ್ಲ. ಪೈಪು ಹಾಗೇ ಇತ್ತು, ಹಿಂದಿನ ನೀರು ಜಾಸ್ತಿಯಾಯ್ತು. 3ಜಿ ಬಂತು, 2016ರ ಸೆಪ್ಟೆಂಬರಿನಲ್ಲಿ ಜಿಯೋ 4ಜಿ ಬಂತು. ಸೆಕೆಂಡಿಗೆ ಹೆಚ್ಚೆಂದರೆ ಎರಡು ಮೆಗಾಬಿಟ್ ಹರಿಸೋ ಬ್ಲೂಟೂತ್ ಅದರ ಮುಂದೆ ಸಣ್ಣ ಪೈಪಾಗಿ ಕಂಡಿತು.

ಆದರೆ ಸಣ್ಣ ಪೈಪು ಸಾಕಾಗೋ ಮನೆಗಳಿದ್ವು. 2020ರಲ್ಲಿ ಶಾಲೆ ಮುಚ್ಚಿದಾಗ ಹುಮನಾಬಾದ್ ಕಡೆಯ ಕೊಡಂಬಲದ ನಮ್ಮ ಮನೇಲಿ ಫೋನು ಎರಡು, ರೀಚಾರ್ಜು ಒಂದಕ್ಕೇ. ಅದು ಅಪ್ಪನ ಫೋನು, ದಿನಕ್ಕೆ 1.5 ಜಿಬಿ. ತಂಗಿಯ ಕೈಲಿದ್ದದ್ದು ಸಿಮ್ ಇಲ್ಲದ ಹಳೇ ಫೋನು. ಹಾಟ್‌ಸ್ಪಾಟ್ ಹಾಕಿದ್ರೆ ಅಪ್ಪನ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ, ಕರೆಂಟು ಯಾವಾಗ ಬರುತ್ತೋ ಗೊತ್ತಿಲ್ಲ. ಬ್ಲೂಟೂತಿನಲ್ಲಿ ಬ್ಯಾಟರಿ ಉಳೀತಿತ್ತು. ವಿಡಿಯೋ ಪಾಠ ಮಸುಕಾಗಿ ಓಡ್ತಿತ್ತು, ಆದರೆ ಮೇಷ್ಟ್ರ ಮಾತು ಸ್ಪಷ್ಟ ಕೇಳ್ತಿತ್ತು. ಪಾಸ್‌ವರ್ಡ್ ಓಣಿಯ ಹುಡುಗರಿಗೆ ಗೊತ್ತಾಗಿ ಡೇಟಾ ಮುಗಿಯೋ ಭಯವೂ ಇಲ್ಲ, ಪೇರ್ ಮಾಡಿದ ಫೋನಿಗೆ ಮಾತ್ರ ನೆಟ್.

ತೊಂದರೆ ಒಂದೇ. ಬ್ಲೂಟೂತ್ ಹತ್ತು ಮೀಟರಿನ ಆಸುಪಾಸಿನದು. "ಅಪ್ಪಾ, ಇನ್ನ ಅರ್ಧ ತಾಸು ಕೂಡ್ರಿ" ಅಂತ ತಂಗಿ ಅನ್ನೋಳು. ಮಳೆಗಾಲ, ತೊಗರಿ ಹೊಲದಲ್ಲಿ ಕೆಲಸ ಕಾಯ್ತಿತ್ತು. ಅಪ್ಪ ಎದ್ದು ಹೊರಟ್ರೆ ಕ್ಲಾಸೂ ಹೊಲಕ್ಕೆ ಹೋಗ್ತಿತ್ತು. ಆ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ಶುರುಮಾಡಿ ಮೇಷ್ಟ್ರುಗಳನ್ನ ಮಕ್ಕಳಿದ್ದಲ್ಲಿಗೇ, ಗುಡಿ ಕಟ್ಟೆಗೆ, ಮರದ ಕೆಳಗೆ ಕಳಿಸಿತು. ಸೋಂಕಿನ ಆತಂಕದಲ್ಲಿ ಅಕ್ಟೋಬರಿನಲ್ಲಿ ಅದೂ ನಿಂತಿತು. ಮತ್ತೆ ಅಪ್ಪನ ಫೋನು, ಮತ್ತೆ ಆ ಅರ್ಧ ತಾಸು.

ನೀವೂ ನೋಡಬೇಕಂದ್ರೆ: ಎರಡೂ ಫೋನು ಪೇರ್ ಮಾಡಿ. ಕೊಡೋ ಫೋನಲ್ಲಿ ಆ ಸಾಲು ಆನ್ ಮಾಡಿ. ತಗೊಳ್ಳೋ ಆಂಡ್ರಾಯ್ಡ್ ಫೋನಲ್ಲಿ ಪೇರ್ ಆದ ಹೆಸರಿನ ಪಕ್ಕದ ಚಕ್ರ ಒತ್ತಿ, 'ಇಂಟರ್ನೆಟ್ ಆಕ್ಸೆಸ್' ಆನ್ ಮಾಡಿ. ಮತ್ತೆ ಕೊಡೋರು ಅಲ್ಲೇ ಕೂತಿರಬೇಕು.