ಶಾಲೆಯ ಮೆಟ್ಟಿಲುಗಳು: ಮುಲ್ಕಿಯಿಂದ 5+3+3+4ರವರೆಗೆ

ನಮ್ಮ ಮನೆಗಳಲ್ಲಿ ಹಿರಿಯರು ತಮ್ಮ ಓದಿನ ಮಾತೆತ್ತಿದರೆ ಒಂದೊಂದು ಊರಿನ ಲೆಕ್ಕ ಒಂದೊಂದು ರೀತಿ ಇರುತ್ತಿತ್ತು. ಮಂಗಳೂರು ಕಡೆಯವರು ‘ಸಿಕ್ಸ್ತ್ ಫಾರಂ ತನಕ ಓದಿದ್ದೇನೆ’ ಎನ್ನುತ್ತಿದ್ದರು. ಧಾರವಾಡ, ಬಿಜಾಪುರ ಕಡೆಯವರು ‘ಮುಲ್ಕಿ ಪಾಸಾಗಿದ್ದೇನೆ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಹಳೆಯ ಮೈಸೂರಿನವರಿಗೆ ಅದು ‘ಲೋಯರ್ ಸೆಕೆಂಡರಿ’. ಇಂದು ಅಜ್ಜಂದಿರಾಗಿರುವ ಕೆಲವರು ಪಿ.ಯು.ಸಿ.ಯನ್ನು ಒಂದೇ ವರ್ಷದಲ್ಲಿ ಮುಗಿಸಿದವರು. ಅವರ ಮಕ್ಕಳು ಅದನ್ನೇ ಎರಡು ವರ್ಷ ಓದಿದರು. ಮೊಮ್ಮಕ್ಕಳ ಕಾಲಕ್ಕೆ ‘5+3+3+4’ ಎಂಬ ಹೊಸ ಲೆಕ್ಕ ಬಂದಿದೆ.

ಮಗು ಒಂದೇ, ವಯಸ್ಸೂ ಒಂದೇ. ಆದರೆ ಎಷ್ಟನೆಯ ವಯಸ್ಸಿಗೆ ಯಾವ ಮೆಟ್ಟಿಲು, ಯಾವ ಮೆಟ್ಟಿಲಿನ ಕೊನೆಗೆ ಪರೀಕ್ಷೆ ಎಂಬುದನ್ನು ಆಯಾ ಕಾಲದ ಸರ್ಕಾರಗಳೂ ಆಯೋಗಗಳೂ ನಿರ್ಧರಿಸುತ್ತ ಬಂದಿವೆ. ಈ ಇತಿಹಾಸವನ್ನು ನಾವು ಏಕೆ ತಿಳಿಯಬೇಕು? ಏಕೆಂದರೆ ಬಹಳಷ್ಟು ಮಕ್ಕಳು ಶಾಲೆ ಬಿಡುವುದು ಒಂದು ಮೆಟ್ಟಿಲು ಮುಗಿದು ಇನ್ನೊಂದು ಮೆಟ್ಟಿಲು ಹತ್ತಬೇಕಾದ ಜಾಗದಲ್ಲಿ.

ವಯಸ್ಸಿನ ಲೆಕ್ಕವಿಲ್ಲದ ಕಾಲ

ಬ್ರಿಟಿಷರು ಬರುವ ಮುನ್ನ ನಮ್ಮ ದೇಶದಲ್ಲಿ ವಯಸ್ಸಿಗೊಂದು ತರಗತಿ ಎಂಬ ಏರ್ಪಾಡು ಇರಲಿಲ್ಲ. ಹಳ್ಳಿಯ ಕೂಲಿಮಠದಲ್ಲಿಯೂ ಮಸೀದಿಯ ಮಕ್ತಬಿನಲ್ಲಿಯೂ ಆರು ವರ್ಷದವನೂ ಹನ್ನೆರಡು ವರ್ಷದವನೂ ಒಂದೇ ಜಗಲಿಯ ಮೇಲೆ ಕೂರುತ್ತಿದ್ದರು. ಅವರವರ ಪಾಠ ಅವರವರಿಗೆ. ಮದರಸಗಳಲ್ಲಿ ಪ್ರಸಿದ್ಧವಾದ ‘ದರ್ಸೆ ನಿಜಾಮಿ’ ಪಠ್ಯಕ್ರಮ 18ನೆಯ ಶತಮಾನದಲ್ಲಿ ಲಕ್ನೋದ ಫರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನರ ಹೆಸರಿನಿಂದ ಬಂದದ್ದು. ಅದರ ಮೆಟ್ಟಿಲು ವಯಸ್ಸಲ್ಲ, ಕಿತಾಬು. ಒಂದು ಕಿತಾಬು ಮುಗಿದರೆ ಮುಂದಿನದು. ಚುರುಕಾದವನು ಬೇಗ ಮುಗಿಸುತ್ತಿದ್ದ, ನಿಧಾನದವನು ತಡವಾಗಿ ಮುಗಿಸುತ್ತಿದ್ದ.

ಈ ಪದ್ಧತಿಯಲ್ಲಿ ಒಂದು ಅನುಕೂಲವಿತ್ತು. ಯಾರೂ ‘ಫೇಲ್’ ಆಗುತ್ತಿರಲಿಲ್ಲ. ಕೊರತೆಯೂ ಇತ್ತು. ಎಲ್ಲ ಮಕ್ಕಳಿಗೂ ಇಷ್ಟಾದರೂ ಕಲಿಸಲೇಬೇಕು ಎಂಬ ಕಡ್ಡಾಯ ಇರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಬೇರೆಯೇ.

ಮೇಲಿನಿಂದ ಕಟ್ಟಿದ ಏಣಿ

1854ರ ವುಡ್ಸ್ ಡಿಸ್ಪ್ಯಾಚ್ ಪ್ರಾಥಮಿಕ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಹಂತಹಂತವಾದ ವ್ಯವಸ್ಥೆಯೊಂದು ಇರಬೇಕೆಂದು ಹೇಳಿತು. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳ ಪ್ರವೇಶ ಪರೀಕ್ಷೆಯೇ ಮೆಟ್ರಿಕ್ಯುಲೇಷನ್. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮನೆ ಕಟ್ಟುವವರು ಕೆಳಗಿನಿಂದ ಪಾಯ ಹಾಕುತ್ತಾರೆ. ನಮ್ಮ ಆಧುನಿಕ ಶಿಕ್ಷಣವನ್ನು ಮೇಲಿನಿಂದ ಕಟ್ಟಲಾಯಿತು. ಕಾಲೇಜಿಗೆ ಯಾರು ಬೇಕು ಎಂಬುದು ಮೊದಲು ತೀರ್ಮಾನವಾಯಿತು, ಅದಕ್ಕೆ ತಕ್ಕಂತೆ ಹೈಸ್ಕೂಲು ರೂಪುಗೊಂಡಿತು. ಪ್ರಾಥಮಿಕ ಶಾಲೆ ಕೊನೆಯ ಸಾಲಿನಲ್ಲಿ ಉಳಿಯಿತು.

1882ರ ಹಂಟರ್ ಆಯೋಗ ಪ್ರಾಥಮಿಕ ಶಿಕ್ಷಣದ ಕಡೆಗೆ ಕಣ್ಣು ಹಾಯಿಸಿತು. ಮುಸ್ಲಿಮರ ಶಿಕ್ಷಣದ ಬಗ್ಗೆಯೂ ಅದು ಪ್ರತ್ಯೇಕ ಶಿಫಾರಸುಗಳನ್ನು ಮಾಡಿತು. ಸರ್ ಸೈಯದ್ ಅಹ್ಮದ್ ಖಾನರ ಪುತ್ರ ಸೈಯದ್ ಮಹಮೂದ್ ಆ ಆಯೋಗದ ಸದಸ್ಯರಾಗಿದ್ದರು. ಸರ್ ಸೈಯದರು ಕೆಳಗಿನ ಮೆಟ್ಟಿಲಿನ ಮಹತ್ವವನ್ನು ಅರಿತವರು. ಅಲಿಗಢದಲ್ಲಿ ಅವರು 1875ರಲ್ಲಿ ಮೊದಲು ತೆರೆದದ್ದು ಶಾಲೆ. ಕಾಲೇಜು ಬಂದದ್ದು ಆನಂತರ 1877ರಲ್ಲಿ, ವಿಶ್ವವಿದ್ಯಾಲಯವಾದದ್ದು 1920ರಲ್ಲಿ.

1917ರಲ್ಲಿ ನೇಮಕವಾದ ಸ್ಯಾಡ್ಲರ್ ಆಯೋಗ ಇನ್ನೊಂದು ಮುಖ್ಯ ಪ್ರಶ್ನೆ ಎತ್ತಿತು. ಮೆಟ್ರಿಕ್ ಆದ ಮೇಲಿನ ಎರಡು ವರ್ಷಗಳ ಇಂಟರ್‌ಮೀಡಿಯೆಟ್ ಶಾಲೆಗೆ ಸೇರಿದ್ದೋ ಕಾಲೇಜಿಗೆ ಸೇರಿದ್ದೋ? ಅದು ವಿಶ್ವವಿದ್ಯಾಲಯದಿಂದ ಹೊರಗಿರಲಿ, ಪದವಿ ಮೂರು ವರ್ಷದ್ದಾಗಲಿ ಎಂದು ಆಯೋಗ ಹೇಳಿತು. ಅಲಿಗಢದ ಡಾ. ಜಿಯಾವುದ್ದೀನ್ ಅಹ್ಮದ್ ಅದರ ಸದಸ್ಯರಲ್ಲಿ ಒಬ್ಬರು. ನಮ್ಮ ಪಿ.ಯು.ಸಿ. ಶಾಲೆಯೋ ಕಾಲೇಜೋ ಎಂಬ ಇಂದಿನ ಗೊಂದಲದ ಬೇರು ಅಲ್ಲಿಯವರೆಗೂ ಹೋಗುತ್ತದೆ.

ಏಳರಿಂದ ಹದಿನಾಲ್ಕು

ಏಣಿಯನ್ನು ಕೆಳಗಿನಿಂದ ನೋಡುವ ದೊಡ್ಡ ಪ್ರಯತ್ನ ನಡೆದದ್ದು 1937ರಲ್ಲಿ. ಗಾಂಧೀಜಿಯವರು ವಾರ್ಧಾದಲ್ಲಿ ಕರೆದ ಶಿಕ್ಷಣ ಸಮ್ಮೇಳನದ ನಂತರ ಯೋಜನೆ ರೂಪಿಸಲು ನೇಮಿಸಿದ ಸಮಿತಿಗೆ ಜಾಮಿಯಾ ಮಿಲ್ಲಿಯಾದ ಡಾ. ಜಾಕಿರ್ ಹುಸೇನರು ಅಧ್ಯಕ್ಷರು. 7ರಿಂದ 14ನೆಯ ವಯಸ್ಸಿನವರೆಗೆ ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ, ಒಂದು ಕೈಕಸುಬಿನ ಜೊತೆಗೆ. ಇದೇ ಬೇಸಿಕ್ ಶಿಕ್ಷಣ ಅಥವಾ ಮೂಲಶಿಕ್ಷಣ. ಏಳು ವರ್ಷಗಳ ಈ ಓದು ಹೈಸ್ಕೂಲಿಗೆ ಬರಿಯ ಹೊಸಿಲಲ್ಲ, ತನ್ನಷ್ಟಕ್ಕೆ ಪೂರ್ಣವಾದ ಶಿಕ್ಷಣವಾಗಬೇಕು ಎಂಬುದು ಅದರ ಆಶಯ.

1944ರ ಸಾರ್ಜೆಂಟ್ ವರದಿ ಇದನ್ನು 6ರಿಂದ 14ಕ್ಕೆ ವಿಸ್ತರಿಸಿ, 6ರಿಂದ 11 ಕಿರಿಯ, 11ರಿಂದ 14 ಹಿರಿಯ ಎಂದು ಎರಡು ಘಟ್ಟ ಮಾಡಿತು. ಆದರೆ ಅದನ್ನು ಸಾಧಿಸಲು 40 ವರ್ಷ ಬೇಕೆಂದಿತು! ಸ್ವತಂತ್ರ ಭಾರತಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಸಂವಿಧಾನದ 45ನೆಯ ವಿಧಿ 10 ವರ್ಷಗಳೊಳಗೆ, ಎಂದರೆ 1960ರೊಳಗೆ, 14 ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು ಹೇಳಿತು. ಆ ಗಡುವು ದಾಟಿಹೋಯಿತು. ಅದು ಮೂಲಭೂತ ಹಕ್ಕಾಗಲು 2002ರ 86ನೆಯ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಪಿ.ಯು.ಸಿ. ಹುಟ್ಟಿದ ಬಗೆ

ಮೌಲಾನಾ ಅಬುಲ್ ಕಲಾಂ ಆಜಾದರು ಶಿಕ್ಷಣ ಸಚಿವರಾಗಿದ್ದಾಗ, 1952ರಲ್ಲಿ, ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ನೇತೃತ್ವದಲ್ಲಿ ಪ್ರೌಢಶಿಕ್ಷಣ ಆಯೋಗ ರಚನೆಯಾಯಿತು. ಎರಡು ವರ್ಷದ ಇಂಟರ್‌ಮೀಡಿಯೆಟನ್ನು ಅದು ಒಡೆದು ಹಂಚಿತು. ಒಂದು ವರ್ಷ ಹೈಸ್ಕೂಲಿಗೆ, ಇನ್ನೊಂದು ಪದವಿಗೆ. ಹೀಗೆ ಹೈಯರ್ ಸೆಕೆಂಡರಿ ಶಾಲೆಯೂ ಮೂರು ವರ್ಷದ ಪದವಿಯೂ ಬರಬೇಕಿತ್ತು. ಹಳೆಯ ಮಾದರಿಯ ಹೈಸ್ಕೂಲಿನಿಂದಲೇ ಬರುವ ಮಕ್ಕಳ ಗತಿಯೇನು? ಅವರಿಗಾಗಿ ಒಂದು ವರ್ಷದ ಪ್ರಿ-ಯೂನಿವರ್ಸಿಟಿ ಕೋರ್ಸ್. ತಾತ್ಕಾಲಿಕ ಸೇತುವೆಯಾಗಿ ಬಂದ ಆ ‘ಪಿ.ಯು.ಸಿ.’ ಎಂಬ ಹೆಸರು ಕರ್ನಾಟಕದಲ್ಲಿ ಶಾಶ್ವತವಾಗಿ ನಿಂತುಬಿಟ್ಟಿತು!

1956ರಲ್ಲಿ ರಾಜ್ಯ ಏಕೀಕರಣವಾದಾಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳ ಶಾಲೆಗಳು ಒಂದೇ ಸೂರಿನಡಿ ಬಂದವು. ಅವುಗಳನ್ನು ಹೊಂದಿಸುತ್ತ ಬಂದಂತೆ ನಮ್ಮಲ್ಲಿ 1ರಿಂದ 7 ಪ್ರಾಥಮಿಕ, 8ರಿಂದ 10 ಪ್ರೌಢ ಎಂಬ ವಿಂಗಡಣೆ ನೆಲೆಯೂರಿತು.

1964ರಿಂದ 66ರವರೆಗೆ ಕೆಲಸ ಮಾಡಿದ ಡಾ. ಡಿ.ಎಸ್. ಕೊಠಾರಿಯವರ ಆಯೋಗ ಇಡೀ ದೇಶಕ್ಕೆ ಒಂದೇ ಚೌಕಟ್ಟನ್ನು ಸೂಚಿಸಿತು. ಒಂದನೆಯ ತರಗತಿಗೆ ಸೇರಲು ಸಾಮಾನ್ಯವಾಗಿ 6 ವರ್ಷ ತುಂಬಿರಬೇಕು. 10 ವರ್ಷ ಎಲ್ಲರಿಗೂ ಸಮಾನ ಶಿಕ್ಷಣ, 2 ವರ್ಷ ಹೈಯರ್ ಸೆಕೆಂಡರಿ, 3 ವರ್ಷ ಪದವಿ. ಜಾಕಿರ್ ಹುಸೇನರ ಸಮಿತಿಯಲ್ಲಿದ್ದ ಕೆ.ಜಿ. ಸೈಯದೈನ್ ಈ ಆಯೋಗದಲ್ಲಿಯೂ ಸದಸ್ಯರಾಗಿದ್ದರು. 1968ರ ರಾಷ್ಟ್ರೀಯ ನೀತಿ ಇದನ್ನು ಒಪ್ಪಿತು. ಆದರೆ ಆಗ ಶಿಕ್ಷಣ ರಾಜ್ಯಗಳ ಪಟ್ಟಿಯಲ್ಲಿತ್ತು. 1976ರಲ್ಲಿ ಅದು ಸಮವರ್ತಿ ಪಟ್ಟಿಗೆ ಬಂತು. ಕರ್ನಾಟಕದಲ್ಲಿ ಪಿ.ಯು.ಸಿ. ಎರಡು ವರ್ಷದ್ದಾದದ್ದು 1970ರ ದಶಕದಲ್ಲಿ. 1986ರ ನೀತಿ ಮೊದಲ 10 ವರ್ಷಗಳನ್ನು 5+3+2 ಎಂದು ಬಿಡಿಸಿ ಹೇಳಿತು.

ಏಳು ಮತ್ತು ಎಂಟರ ನಡುವೆ

ರಾಷ್ಟ್ರದ ಲೆಕ್ಕದಲ್ಲಿ 8ನೆಯ ತರಗತಿ ಹಿರಿಯ ಪ್ರಾಥಮಿಕದ ಕೊನೆ. ನಮ್ಮ ರಾಜ್ಯದಲ್ಲಿ ಅದು ಹೈಸ್ಕೂಲಿನ ಮೊದಲು. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ, ಆದರೆ ಹನ್ನೆರಡು ಹದಿಮೂರು ವರ್ಷದ ಹುಡುಗಿಗೆ ಅದು ದೊಡ್ಡದು. ಏಳನೆಯವರೆಗೆ ಓದಿದ್ದು ಮನೆಯ ಹತ್ತಿರದ ಶಾಲೆ, ಗುರುತಿನ ಮೇಷ್ಟ್ರು, ಹಲವರಿಗೆ ಉರ್ದು ಮಾಧ್ಯಮ. ಎಂಟನೆಯದಕ್ಕೆ ಬೇರೆ ಶಾಲೆ, ಬಸ್ಸು, ಕೆಲವೆಡೆ ಬೇರೆ ಮಾಧ್ಯಮ. ‘ಸಾಕು, ಇನ್ನು ಮನೆಯಲ್ಲಿರಲಿ’ ಎಂಬ ಮಾತು ಬರುವುದು ಆ ಬೇಸಿಗೆ ರಜೆಯಲ್ಲಿ. ಮಗಳು ದಡ್ಡಿ ಎಂದು ಯಾರೂ ಬಿಡಿಸುವುದಿಲ್ಲ. ಮುಂದಿನ ಮೆಟ್ಟಿಲು ದೂರವಿದೆ ಎಂದು ಬಿಡಿಸುತ್ತಾರೆ.

2006ರ ನವೆಂಬರಿನಲ್ಲಿ ಬಂದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಹೇಳಿದ್ದನ್ನು ನಾವು ಮರೆಯುವಂತಿಲ್ಲ. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಗೆ ಸೇರಿಯೇ ಇರಲಿಲ್ಲ ಅಥವಾ ನಡುವೆ ಬಿಟ್ಟಿದ್ದರು. ಈ ದೇಶದ ಶಾಲೆಯ ಮೆಟ್ಟಿಲುಗಳನ್ನು ಅಳೆದು ಕೊಟ್ಟವರಲ್ಲಿ ಜಾಕಿರ್ ಹುಸೇನ್, ಆಜಾದ್, ಸೈಯದೈನ್ ಇದ್ದರು. ಆ ಮೆಟ್ಟಿಲುಗಳಲ್ಲಿ ಹಿಂದೆ ಬಿದ್ದವರು ನಮ್ಮ ಮಕ್ಕಳೇ ಎಂಬುದು ನೋವಿನ ಸಂಗತಿ.

2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ 8ನೆಯ ತರಗತಿಯವರೆಗೆ ಹಕ್ಕು ಕೊಟ್ಟಿತು. ನಮ್ಮಲ್ಲಿಯೂ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳಿಗೆ 8ನೆಯ ತರಗತಿ ಸೇರ್ಪಡೆಯಾಗಿದೆ. ಈ ಕಾಯ್ದೆಯ 4ನೆಯ ಕಲಂ ಎಲ್ಲ ಪೋಷಕರೂ ತಿಳಿದಿರಬೇಕಾದದ್ದು. ಶಾಲೆ ಬಿಟ್ಟ ಅಥವಾ ಸೇರಿಯೇ ಇಲ್ಲದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಹನ್ನೊಂದು ವರ್ಷದ ಹುಡುಗನನ್ನು ಒಂದನೆಯ ತರಗತಿಯ ಪುಟ್ಟ ಮಕ್ಕಳ ನಡುವೆ ಕೂರಿಸಿ ನಾಚಿಸುವ ಅಗತ್ಯವಿಲ್ಲ. 14 ತುಂಬಿದರೂ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಅವನಿಗೆ ಉಚಿತ ಶಿಕ್ಷಣದ ಹಕ್ಕಿದೆ.

ಇನ್ನೂ ಮುಗಿಯದ ಚರ್ಚೆ

2020ರ ರಾಷ್ಟ್ರೀಯ ಶಿಕ್ಷಣ ನೀತಿ 10+2ರ ಜಾಗದಲ್ಲಿ 5+3+3+4 ಎಂದಿತು. 3ರಿಂದ 8, 8ರಿಂದ 11, 11ರಿಂದ 14, 14ರಿಂದ 18. ಅಂಗನವಾಡಿಯ ವಯಸ್ಸನ್ನೂ ಶಾಲೆಯ ಲೆಕ್ಕಕ್ಕೆ ತಂದದ್ದು ಇದರ ವಿಶೇಷ. ಕರ್ನಾಟಕ ಸರ್ಕಾರ ತನ್ನದೇ ನೀತಿಗಾಗಿ ಪ್ರೊ. ಸುಖದೇವ್ ಥೋರಟ್ ನೇತೃತ್ವದಲ್ಲಿ ನೇಮಿಸಿದ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟು 2+8+4 ಎಂಬ ಬೇರೊಂದು ರಚನೆಯನ್ನು ಶಿಫಾರಸು ಮಾಡಿತು. ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ.

ಎರಡು ಲೆಕ್ಕಗಳಲ್ಲಿ ಯಾವುದು ಮೇಲೆಂದು ತಜ್ಞರು ಚರ್ಚಿಸಲಿ. ಎರಡೂ ಒಪ್ಪುವ ಮಾತು ಒಂದಿದೆ: ಮಗು ಹನ್ನೆರಡನೆಯ ತರಗತಿಯವರೆಗೆ ತಡೆಯಿಲ್ಲದೆ ಸಾಗಬೇಕು. ಲೆಕ್ಕ ಬದಲಾದ ಮಾತ್ರಕ್ಕೆ ಅದು ತಾನಾಗಿ ಆಗುವುದಿಲ್ಲ. 1854ರಿಂದ ಇಂದಿನವರೆಗೆ ಸಂಖ್ಯೆಗಳು ಎಷ್ಟೋ ಬಾರಿ ಬದಲಾಗಿವೆ. ಮೆಟ್ಟಿಲಿನ ಬಳಿ ಕೈಹಿಡಿಯುವವರು ಇದ್ದಲ್ಲಿ ಮಕ್ಕಳು ದಾಟಿದ್ದಾರೆ, ಇಲ್ಲದಲ್ಲಿ ನಿಂತಿದ್ದಾರೆ.

ನಮ್ಮ ಸಂಘದ ಸದಸ್ಯರಲ್ಲಿ ಒಂದು ಮನವಿ. ರ‍್ಯಾಂಕ್ ಪಡೆದವರಿಗೆ ಶಾಲು ಹೊದಿಸಿ ಸನ್ಮಾನಿಸುವುದು ಒಳ್ಳೆಯದೇ. ಅದರ ಜೊತೆಗೆ ಪ್ರತಿ ಮೇ ತಿಂಗಳಲ್ಲಿ ನಿಮ್ಮ ಮೊಹಲ್ಲಾದಲ್ಲಿ ಏಳನೆಯದು, ಎಂಟನೆಯದು, ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳ ಹೆಸರು ಬರೆದುಕೊಳ್ಳಿ. ಜೂನ್ ಕೊನೆಗೆ ಅವರಲ್ಲಿ ಯಾರು ಮುಂದಿನ ತರಗತಿಯಲ್ಲಿ ಕೂತಿಲ್ಲ ಎಂದು ಒಮ್ಮೆ ಮನೆಗೆ ಹೋಗಿ ವಿಚಾರಿಸಿ. ಬಸ್ ಪಾಸಿನ ತೊಂದರೆಯೋ, ಟಿ.ಸಿ. ಸಿಗದಿರುವುದೋ, ಫೇಲಾದ ಒಂದು ವಿಷಯವೋ, ಕಾರಣ ಬಹುತೇಕ ನಾವೇ ಪರಿಹರಿಸಬಹುದಾದಷ್ಟು ಸಣ್ಣದಿರುತ್ತದೆ.

ವಿದ್ಯಾರ್ಥಿ ಮಿತ್ರರೇ, ನೀವು ಇಂದು ನಿಂತಿರುವ ತರಗತಿ ಹಲವು ತಲೆಮಾರಿನವರು ವಾದಿಸಿ, ಅಳೆದು, ಬದಲಾಯಿಸಿ ನಿಮಗಾಗಿ ಉಳಿಸಿದ ಮೆಟ್ಟಿಲು. ಮುಂದಿನದನ್ನು ಹತ್ತಿರಿ. ಹತ್ತುವಾಗ ಹಿಂದೆ ತಿರುಗಿ, ನಿಮ್ಮ ತಂಗಿ ಎಲ್ಲಿ ನಿಂತಿದ್ದಾಳೆ ಎಂದು ನೋಡಿರಿ.