ನಿರಾಯುಧಗೊಳ್ಳದ ಶತ್ರು

ಕೃಷ್ಣೆಯೂ ಭೀಮೆಯೂ ಬಳಸಿ ಹರಿಯುವ ಈ ಸೀಮೆಯಲ್ಲಿ ರಾಷ್ಟ್ರಕೂಟರ ಗರುಡಧ್ವಜ ಹಾರಿತು, ಬಹಮನಿಗಳ ಅಶ್ವದಳ ಧೂಳೆಬ್ಬಿಸಿತು, ಆದಿಲಶಾಹಿಯ ತೋಪುಗಳು ಮೊಳಗಿದವು, ಸುರಪುರದ ನಾಯಕರು ಬೇಡಪಡೆಯ ಭುಜಬಲದಿಂದ ತಮ್ಮ ಗದ್ದುಗೆಯನ್ನು ಕಾದರು. ಕಡೆಗೆ ಎಲ್ಲವೂ ನಿಜಾಮನ ದಫ್ತರಿನೊಳಗೆ ಲೀನವಾಯಿತು. ಅರಸೊತ್ತಿಗೆಗಳು ಬದಲಾದರೂ ಪ್ರಜೆಗೆ ನೀರು ಒದಗಿಸುವುದು ರಾಜಧರ್ಮವೆಂಬ ಅರಿವು ಅಳಿಯಲಿಲ್ಲ. ಬೀದರಿನ ಸುರಂಗಬಾವಿ, 1651ರಲ್ಲಿ ಮುಹಮ್ಮದ್ ಆದಿಲಶಾಹನ ಕಾಲದಲ್ಲಿ ಬಿಜಾಪುರಕ್ಕೆ ದೊರೆತ ಬೇಗಂ ತಲಾಬ್, ಸುರಪುರ ಸಂಸ್ಥಾನದ ಬೋನಾಳ ಕೆರೆ, ಇವು ನಮ್ಮ ಪೂರ್ವಜರ ದೂರದೃಷ್ಟಿಗೆ ಇಂದಿಗೂ ಸಾಕ್ಷಿ. ಆದರೆ ಬಂದ ನೀರಿನ ದಾರಿಯನ್ನು ಕೊಂಡಾಡಿದಷ್ಟು ಬಳಸಿ ಬಿಟ್ಟ ನೀರಿನ ದಾರಿಯನ್ನು ಯಾವ ಯುಗವೂ ಚಿಂತಿಸಲಿಲ್ಲ. ಆ ಅಲಕ್ಷ್ಯದ ದಂಡವನ್ನು ವಿಧಿ ವಸೂಲು ಮಾಡದೆ ಬಿಡಲಿಲ್ಲ. 1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ ದಂಡು, ಜಾತ್ರೆ, ಸಂತೆಗಳ ಬೆನ್ನು ಹತ್ತಿ ನಾಡುನಾಡುಗಳನ್ನು ಸುತ್ತಿತು. 1871ರಲ್ಲಿ ಮುಂಬಯಿಯ ಹಳಿಗಳೂ ಮದರಾಸಿನ ಹಳಿಗಳೂ ರಾಯಚೂರಿನಲ್ಲಿ ಕೂಡಿದಾಗ, ಸೈದಾಪುರದ ಬಯಲನ್ನು ಹಾದುಹೋದ ಆ ಮಾರ್ಗದಲ್ಲಿ ಸರಕಿನೊಂದಿಗೆ ಸಾಂಕ್ರಾಮಿಕಗಳಿಗೂ ವೇಗ ಬಂತು.

ಶತ್ರು ಯಾರೆಂದು ತಿಳಿಯಲು ಬಹುಕಾಲ ಬೇಕಾಯಿತು. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಒಂದು ಬೀದಿಯ ನೀರಿನ ಪಂಪಿನತ್ತ ಬೆರಳು ತೋರಿದ. ಮೂವತ್ತು ವರ್ಷಗಳ ಬಳಿಕ ರಾಬರ್ಟ್ ಕೋಚ್ ಕಲ್ಕತ್ತೆಯ ಕೆರೆಯ ನೀರಿನಲ್ಲೇ ಕಾಲರಾ ರೋಗಾಣುವನ್ನು ಕಂಡ. ಅನಂತರ ಬಂದದ್ದು 1908ರ ಸೆಪ್ಟೆಂಬರ್ ಕೊನೆಯ ವಾರ. ಆ ತಿಂಗಳ 26ರಂದು ಅಮೆರಿಕದ ಜರ್ಸಿ ಸಿಟಿಯಲ್ಲಿ ಊರಿನ ನೀರಿಗೆ ಕ್ಲೋರಿನ್ ಬೆರೆಸುವುದು ನಿತ್ಯವಿಧಿಯಾಯಿತು. ಎರಡೇ ದಿನ ಕಳೆದು, 28ರಂದು, ಮೂಸಿ ನದಿ ಉಕ್ಕಿ ನಮ್ಮ ಅಂದಿನ ರಾಜಧಾನಿ ಹೈದರಾಬಾದನ್ನು ನುಂಗಿತು. ಸಹಸ್ರಾರು ಜೀವಗಳು ಕೊಚ್ಚಿಹೋದವು. ಆ ವಿನಾಶದ ಮೇಲೆ ಹೊಸ ನಗರವನ್ನು ರೂಪಿಸಲು ಬಂದವರು ನಮ್ಮವರೇ ಆದ ವಿಶ್ವೇಶ್ವರಯ್ಯನವರು. ಪ್ರವಾಹವನ್ನು ತಡೆಯುವ ಜಲಾಶಯಗಳ ಜೊತೆಗೆ ಒಳಚರಂಡಿಯ ಯೋಜನೆಯನ್ನೂ ಅವರು ನಿಜಾಮನ ಸರ್ಕಾರದ ಮುಂದಿಟ್ಟರು. ಹೊಲಸು ನೀರಿಗೂ ಒಂದು ರಾಜಮಾರ್ಗ ಬೇಕೆಂಬ ವಿಚಾರ ಹೀಗೆ ನಮ್ಮ ಸಂಸ್ಥಾನದ ಆಡಳಿತವನ್ನು ಪ್ರವೇಶಿಸಿತು.

ಕ್ಲೋರಿನ್ನಿನ ಆಳ್ವಿಕೆ ದೀರ್ಘವಾದುದು, ಕೀರ್ತಿಶಾಲಿಯಾದುದು. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಅದರ ಕಾವಲುಗಾರನೆಂದರೆ ವಾಟರ್‌ಮನ್. ಮುಂಜಾನೆ ಟ್ಯಾಂಕಿನ ಬುಡದಲ್ಲಿ ಅವನು ಬಕೆಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿ ಕಲಸುತ್ತಾನೆ, ಘಾಟು ಕಣ್ಣಿಗೇರುತ್ತದೆ, ಸುಣ್ಣದ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಮೇಲೇರಿಸಿ ಸುರಿಯುತ್ತಾನೆ. ಅರ್ಧ ಗಂಟೆಯ ನಂತರ ನಳದ ನೀರಿಗೆ ಪರೀಕ್ಷೆಯ ಹನಿ ಬಿಟ್ಟಾಗ ಹಳದಿ ಬಣ್ಣ ಮೂಡಿ, ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ ಉಳಿದಿದೆಯೆಂದು ತೋರಿದರೆ ಕಾವಲು ಭದ್ರ. ಬಾಯಿ ಕಟ್ಟದೆ ಬಿಟ್ಟ ಚೀಲದ ಪುಡಿಯಲ್ಲಿ ಸತ್ವ ಉಳಿಯದು. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ನಮ್ಮದೇ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಬಿಟ್ಟರು. ಶತಮಾನದ ಹಿಂದೆ ಗೆದ್ದ ಯುದ್ಧವನ್ನೇ ನಾವು ಇನ್ನೂ ಸೋಲುತ್ತಿರುವುದು ಸಣ್ಣ ದುಃಖವಲ್ಲ.

ಇಷ್ಟರಲ್ಲಿ ಪ್ರತಿಜೀವಕಗಳೆಂಬ ಇನ್ನೊಂದು ಸಾಮ್ರಾಜ್ಯ ಉದಯಿಸಿ ಅಸ್ತಾಚಲದತ್ತ ಸಾಗಿತ್ತು. 1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ನನ್ನು ಕಂಡುಹಿಡಿದ; 1945ರಲ್ಲಿ ನೊಬೆಲ್ ಪುರಸ್ಕಾರ ಸ್ವೀಕರಿಸುವಾಗ, ಅರೆಬರೆ ಪ್ರಮಾಣದ ಮದ್ದು ರೋಗಾಣುವನ್ನು ಕೊಲ್ಲದೆ ಬಲಪಡಿಸುತ್ತದೆಂದು ಅವನೇ ಎಚ್ಚರಿಸಿದ. ವೈಭವದ ದಿನಗಳಲ್ಲಿ ಅಂಥ ಮಾತು ಯಾರ ಕಿವಿಗೂ ನಾಟುವುದಿಲ್ಲ. ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಸಂಸ್ಕರಿಸಿ ಹೊರಬಿಟ್ಟ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಇತ್ತೆಂದು 2007ರಲ್ಲಿ ಲೋಕಕ್ಕೆ ತಿಳಿಯಿತು. ಅದು ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿರುವುದಕ್ಕಿಂತಲೂ ಹೆಚ್ಚು. 2011ರಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50ರ ಪೈಕಿ ಎರಡರಲ್ಲಿ, ಪ್ರಬಲ ಔಷಧಗಳನ್ನೂ ನಿಷ್ಫಲಗೊಳಿಸುವ ಎನ್‌ಡಿಎಂ-1 ಜೀನ್ ಸಿಕ್ಕಿತು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕು 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಜನರ ಸಾವಿಗೆ ನೇರ ಕಾರಣವಾಯಿತೆಂಬುದು ತಜ್ಞರ ಅಂದಾಜು.

1857ರಲ್ಲಿ ಹಲಗಲಿಯ ಬೇಡರ ಮೇಲೆ ಬ್ರಿಟಿಷರು ದಂಡೆತ್ತಿ ಬಂದದ್ದೇಕೆ? ಹತ್ಯಾರು ಒಪ್ಪಿಸಲು ಅವರು ನಿರಾಕರಿಸಿದರೆಂದು. ಎದುರಾಳಿಯ ಕೈಯಲ್ಲಿ ಆಯುಧ ಇರುವವರೆಗೆ ಜಯ ಅಪೂರ್ಣವೆಂಬ ಯುದ್ಧನೀತಿ ಆ ದೊರೆಗಳಿಗೆ ಗೊತ್ತಿತ್ತು. ನಮ್ಮ ಶುದ್ಧೀಕರಣ ಘಟಕಗಳು ಅದನ್ನು ಇನ್ನೂ ಕಲಿತಿಲ್ಲ. ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸತ್ತರೂ ಅದರ ಪ್ರತಿರೋಧದ ಜೀನ್ ಚೂರಾಗದೆ ನೀರಿನಲ್ಲೇ ಉಳಿಯಬಹುದು, ಬದುಕಿರುವ ಇನ್ನೊಂದು ಬ್ಯಾಕ್ಟೀರಿಯಾ ಅದನ್ನು ತನ್ನದಾಗಿಸಿಕೊಳ್ಳಬಹುದು. ಗಟಾರದ ನೀರಿನ ಅಮೋನಿಯಾ ಕ್ಲೋರಿನ್ನನ್ನು ಹೀರಿ ಅದರ ಕಸುವನ್ನು ಕುಗ್ಗಿಸುತ್ತದೆ. ನೇರಳಾತೀತ ಕಿರಣ ಪರಿಣಾಮಕಾರಿಯೇ ಸರಿ; ಆದರೆ ಕದಡಿದ ನೀರಿನ ಕಣಗಳ ಮರೆಯಲ್ಲಿ ರೋಗಾಣು ಅವಿತುಕೊಳ್ಳುತ್ತದೆ, ಜೀವಿಯನ್ನು ಕೊಲ್ಲಲು ಸಾಕಾಗುವ ಪ್ರಮಾಣ ಜೀನನ್ನು ಕೆಡಿಸಲು ಸಾಲದು. ಆದ್ದರಿಂದ ಮೊದಲು ಚೆನ್ನಾಗಿ ಸೋಸಬೇಕು, ಬಳಿಕ ಓಝೋನ್ ಅಥವಾ ಸಾಕಷ್ಟು ಪ್ರಮಾಣದ ಕಿರಣ ಹಾಯಿಸಬೇಕು, ಕಡೆಯಲ್ಲಿ ಕ್ಲೋರಿನ್ ಕಾವಲು ನಿಲ್ಲಬೇಕು. ಸಂಸ್ಕರಿಸಿದ ನೀರಿಗೆ ಕೇಂದ್ರ ಸರ್ಕಾರ 2017ರಲ್ಲಿ ವಿಧಿಸಿದ ಮಿತಿ 100 ಮಿಲಿಲೀಟರಿಗೆ 1000 ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ. 2019ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 230ಕ್ಕೆ ಇಳಿಸುವಂತೆ ಆದೇಶಿಸಿತು. ಎರಡೂ ಸೈನಿಕರ ತಲೆಯೆಣಿಕೆ ಮಾತ್ರ, ಶಸ್ತ್ರಾಗಾರದ ಲೆಕ್ಕ ಯಾವುದರಲ್ಲೂ ಇಲ್ಲ.

ಸೈದಾಪುರದ ಮಗ್ಗುಲಿನ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಇಂದು ಔಷಧ, ರಾಸಾಯನಿಕ ಕಾರ್ಖಾನೆಗಳು ತಲೆಯೆತ್ತಿವೆ. ದುರ್ನಾತದ ಬಗೆಗೂ ಹೊರಬರುವ ತ್ಯಾಜ್ಯದ ಬಗೆಗೂ ಸುತ್ತಲ ಹಳ್ಳಿಗರ ದೂರುಗಳಿವೆ. ಕಾರ್ಖಾನೆಯ ನೀರಿನಲ್ಲಿ ಪ್ರತಿಜೀವಕಗಳ ಅಂಶಕ್ಕೆ ಮಿತಿ ಹೇರುವ ಕರಡನ್ನು ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿತು, 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಉಳಿಯಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆಂದೇ ಮಾರ್ಗಸೂಚಿ ಕೊಟ್ಟಿದೆ. ಕೆರೆ ಕಟ್ಟಿದವರ ವಾರಸುದಾರರಾದ ಓದುಗರೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳಿ: ನಮ್ಮ ಹಳ್ಳಕ್ಕೆ ಸೇರುವ ನೀರಿನಲ್ಲಿ ಮದ್ದಿನ ಅಂಶವನ್ನು ಯಾರು ಅಳೆಯುತ್ತಾರೆ, ಆ ವರದಿಯನ್ನು ಪಂಚಾಯಿತಿಯ ಗೋಡೆಗೆ ಯಾವಾಗ ಅಂಟಿಸುತ್ತಾರೆ?