ಬೋಳುಹುಳಿಯ ಚರಿತ್ರೆ

ಚರಿತ್ರೆ ಎಂದರೆ ಅರಸರ, ಕೋಟೆಗಳ, ಶಾಸನಗಳ ವಿಷಯ ಎಂದು ಶಾಲೆಯಲ್ಲಿ ಕಲಿತವಳು ನಾನು. ಬಿ.ಎ.ಯಲ್ಲಿ ಇತಿಹಾಸವನ್ನು ಓದಿದಾಗಲೂ ಬೇಕಲದ ಕೋಟೆ, ಕುಂಬಳೆಯ ಅರಸರು, ಇಕ್ಕೇರಿಯ ನಾಯಕರು - ನಮ್ಮ ಊರಿನ ಪಾಲಿಗೆ ಬಂದದ್ದು ಇಷ್ಟೇ. ಅಡುಗೆಮನೆಗೂ ಒಂದು ಚರಿತ್ರೆಯಿದೆ ಎಂದು ನನಗೆ ಹೊಳೆದದ್ದು ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ. ಹತ್ತು ಗಂಟೆಗೆ ಕಾಸರಗೋಡಿನಲ್ಲಿ ಕೌಂಟರಿನ ಹಿಂದೆ ಕುಳಿತಿರಬೇಕಾದರೆ ಎಂಟೂಕಾಲರ ಬಸ್ಸು ಹಿಡಿಯಬೇಕು. ಅದಕ್ಕೆ ಮೊದಲು ಬೆಳಗಿನ ತಿಂಡಿ, ಮಧ್ಯಾಹ್ನದ ಬುತ್ತಿ, ಮನೆಯಲ್ಲಿರುವ ಅತ್ತೆಯವರಿಗೆ ಊಟ ಎಲ್ಲವೂ ಆಗಬೇಕು. 'ಬೇಗ ಆಗುವುದು ಯಾವುದು?' ಎಂದು ದಿನವೂ ಕೇಳಿಕೊಳ್ಳುತ್ತೇನೆ. ನನಗಿಂತ ಮೊದಲು ಈ ಪ್ರಶ್ನೆಯನ್ನು ಯಾರು ಕೇಳಿಕೊಂಡಿದ್ದರು, ಅವರು ಕಂಡುಕೊಂಡ ಉತ್ತರವೇನು ಎಂದು ಹುಡುಕುತ್ತ ಹೋದಾಗ ದೊರೆತದ್ದನ್ನು ಇಲ್ಲಿ ಬರೆದಿದ್ದೇನೆ.

ಕನ್ನಡದಲ್ಲಿ ಅಡುಗೆಯ ಬರವಣಿಗೆ ಹಳೆಯದು. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ ಇಡ್ಲಿಯ ಪೂರ್ವಜವಾದ 'ಇಡ್ಡಲಿಗೆ'ಯ ಹೆಸರು ಬರುತ್ತದೆ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' ಸುಮಾರು 1025ರ ಗ್ರಂಥ. ಮಳೆ, ಬೆಳೆ, ವೈದ್ಯಗಳ ಜೊತೆಗೆ ಪಾಕಕ್ಕೂ ಅದರಲ್ಲಿ ಒಂದು ಅಧ್ಯಾಯವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಅಡುಗೆಗೆಂದೇ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದನು. ಇವೆಲ್ಲ ನಾವು ಹೆಮ್ಮೆಪಡಬೇಕಾದ ಗ್ರಂಥಗಳೇ. ಆದರೆ ಬರೆದವರು ಗಂಡಸರು, ಬರೆದದ್ದು ಹೆಚ್ಚಾಗಿ ಬಿಡುವಿರುವ ಅಡುಗೆಮನೆಯ ಪಾಕಗಳನ್ನು. ಹೊಟ್ಟೆ ಹಸಿದವರು ಜಗಲಿಯಲ್ಲಿ ಕುಳಿತಿದ್ದಾರೆ, ಒಲೆಯ ಮುಂದೆ ಇರುವವಳು ಒಬ್ಬಳೇ ಎಂಬಂಥ ದಿನದ ಅಡುಗೆಯನ್ನು ಯಾರೂ ಷಟ್ಪದಿಯಲ್ಲಿ ಕಟ್ಟಲಿಲ್ಲ. ಅದು ಬಾಯಿಂದ ಬಾಯಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು.

ನಮ್ಮ ಕಡೆಯ ಅಡುಗೆಯಲ್ಲಿ ಹೊತ್ತನ್ನು ತಿನ್ನುತ್ತಿದ್ದುದು ಬೇಯಿಸುವ ಕೆಲಸವಲ್ಲ, ಅರೆಯುವ ಕೆಲಸ. ಕಾಸರಗೋಡು ತೆಂಗಿನ ನಾಡು. ಮದ್ರಾಸು ಸರಕಾರ 1916ರಲ್ಲಿಯೇ ತೆಂಗಿನ ಸಂಶೋಧನ ಕೇಂದ್ರವನ್ನು ಇಲ್ಲಿ ತೆರೆದಿತ್ತು. ಕಾಯಿ ಬೇಕಾದಷ್ಟಿತ್ತು. ಆದರೆ ಅದನ್ನು ಹೆರೆಮಣೆಯಲ್ಲಿ ಹೆರೆದು, ಕಡೆಯುವ ಕಲ್ಲಿಗೆ ಹಾಕಿ ಬೆಣ್ಣೆಯಂತೆ ಅರೆಯಬೇಕಿತ್ತು. ನನ್ನ ಅಜ್ಜಿ 1948ರಲ್ಲಿ ಮದುವೆಯಾಗಿ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಬಂದಾಗ ಮನೆಯಲ್ಲಿ ಹನ್ನೆರಡು ಮಂದಿ. ಮಧ್ಯಾಹ್ನದ ಹುಳಿಗೆ ಅರ್ಧ ಗಂಟೆ, ಮರುದಿನದ ದೋಸೆಗೆ ರಾತ್ರಿ ಒಂದು ಗಂಟೆ ಕಲ್ಲಿನ ಮುಂದೆ ಕೂರಬೇಕಿತ್ತು. ಅಜ್ಜಿಯ ಬಲಭುಜ ಎಡಭುಜಕ್ಕಿಂತ ಕೆಳಗೆ ಇಳಿದಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. "ಇದು ಕಲ್ಲು ಕೊಟ್ಟ ಬಳುವಳಿ" ಎನ್ನುತ್ತಿದ್ದರು. ಕಲ್ಲಿನಲ್ಲಿ ಅರೆದ ಮಸಾಲೆಯ ರುಚಿಯನ್ನು ಇಂದು ಹೊಗಳುವವರು ಬಹಳ. ಅವರಲ್ಲಿ ಆ ಕಲ್ಲಿನ ಮುಂದೆ ಕುಳಿತವರು ಎಷ್ಟು ಮಂದಿ?

ಈ ಕಲ್ಲಿನಿಂದ ಒಂದು ಹೊತ್ತಾದರೂ ತಪ್ಪಿಸಿಕೊಳ್ಳಲು ನಮ್ಮ ಹಿರಿಯ ಹೆಂಗಸರು ಕಂಡುಕೊಂಡ ಉಪಾಯವೇ ಬೋಳುಹುಳಿ. ಕಾಯಿ ಅರೆದು ಹಾಕದ ಹುಳಿ, ಆದ್ದರಿಂದ 'ಬೋಳು'. ಸೌತೆಕಾಯಿಯನ್ನು (ಸಾಂಬಾರಿನ ಸೌತೆ, ಹಸಿಯಾಗಿ ತಿನ್ನುವ ಮುಳ್ಳುಸೌತೆಯಲ್ಲ) ಸಿಪ್ಪೆ ಸಮೇತ ದೊಡ್ಡ ಹೋಳು ಮಾಡಿ, ಸೀಳಿದ ಹಸಿಮೆಣಸು, ಉಪ್ಪು, ಹುಣಸೆಹುಳಿ, ಚೂರು ಬೆಲ್ಲ ಹಾಕಿ ಬೇಯಿಸಿ, ಕೊನೆಗೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಮುಗಿಯಿತು. ಕುಚ್ಚಿಲಕ್ಕಿ ಅನ್ನ ಬೇಯುವುದರೊಳಗೆ ಇದು ಸಿದ್ಧ. 'ಪುರಾತನ ಪದ್ಧತಿ' ಎಂದು ನಾವು ಹೇಳಿಕೊಂಡರೂ ಇದರಲ್ಲಿ ಬೀಳುವ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರು ಈ ಕರಾವಳಿಗೆ ಬಂದ ಮೇಲೆ ನಮಗೆ ದೊರೆತದ್ದು. ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಬಳಸದೆ ಕಾಳುಮೆಣಸನ್ನೇ ಹಾಕುವ ಮನೆಗಳು ಇಂದಿಗೂ ಇವೆ. ಹೊಸ ಖಾರ ಬರುವುದಕ್ಕೆ ಮುಂಚಿನ ನೆನಪು ಅಲ್ಲಿ ಉಳಿದಿದೆ.

ನನ್ನ ಪಕ್ಕದ ಕೌಂಟರಿನ ಚೇಚಿ ನೀಲೇಶ್ವರದ ಕಡೆಯವರು. ಒಂದು ದಿನ ನನ್ನ ಬುತ್ತಿಯ ಬೋಳುಹುಳಿಯನ್ನು ರುಚಿ ನೋಡಿ, "ಇದ್ ನಮ್ಮಡೆ ಮೊಳಕೂಷ್ಯಂ ತನ್ನೆ!" ಎಂದರು. ಅವರದರಲ್ಲಿ ಕುಂಬಳಕಾಯಿ, ಬೇಳೆ. ಬೆಳ್ಳುಳ್ಳಿಯ ಬದಲು ಹಸಿ ತೆಂಗಿನೆಣ್ಣೆ, ಕರಿಬೇವು. ಕಾಯಿ ಮಾತ್ರ ಅಲ್ಲಿಯೂ ಇಲ್ಲ. 1967ರ ವರದಿಯಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯನ್ನು ಗಡಿಯಾಗಿ ಸೂಚಿಸಿತ್ತು. ಆ ಶಿಫಾರಸು ಕಾಗದದಲ್ಲಿಯೇ ಉಳಿಯಿತು. ಹೊಳೆಯ ಎರಡು ದಡದ ಹೆಂಗಸರು ಮಾತ್ರ ಕಲ್ಲಿನಿಂದ ತಪ್ಪಿಸಿಕೊಳ್ಳಲು ಒಂದೇ ಉಪಾಯವನ್ನು ಹೂಡಿ ಎರಡು ಹೆಸರು ಇಟ್ಟಿದ್ದರು.

ಗಡಿ ನಮ್ಮ ಅಡುಗೆಮನೆಯನ್ನು ಮುಟ್ಟಿದ್ದು 1956ರ ನವೆಂಬರ್ 1ರಂದು ಅಲ್ಲ. ಅಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ಬೇರೆಯಾಗಿ ಕೇರಳಕ್ಕೆ ಸೇರಿತು. ಗಂಡಸರು ಸಭೆ, ಸತ್ಯಾಗ್ರಹ ಎಂದು ಓಡಾಡಿದರು. ಒಲೆಯ ಮೇಲಿನ ಪಾತ್ರೆ ಹಾಗೆಯೇ ಇತ್ತು. ಗಡಿ ಅಡುಗೆಮನೆಗೆ ನುಗ್ಗಿದ್ದು 1964ರ ಅಕ್ಕಿಯ ಅಭಾವದಲ್ಲಿ. ಅಕ್ಕಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಲು ನಿರ್ಬಂಧ ಬಂತು. ಅಜ್ಜಿಯ ತವರು ವಿಟ್ಲದ ಹತ್ತಿರ, ಎಂದರೆ ಆ ವೇಳೆಗೆ ಬೇರೆ ರಾಜ್ಯ. ತವರಿನಿಂದ ಬರುವಾಗ ಅಣ್ಣ ಕೊಟ್ಟ ಐದು ಸೇರು ಬೆಳ್ತಿಗೆ ಅಕ್ಕಿಯನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು, ಗಡಿಯ ತಪಾಸಣೆಯಲ್ಲಿ ಎದೆ ಡವಗುಟ್ಟುತ್ತ ದಾಟಿದ್ದನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು. "ನನ್ನ ಅಣ್ಣನ ಗದ್ದೆಯ ಅಕ್ಕಿ, ನನಗೇ ಕಳ್ಳಮಾಲು" ಎನ್ನುವುದು ಅವರ ಮಾತು.

ರೇಷನ್ ಅಂಗಡಿಯಲ್ಲಿ ಅಕ್ಕಿಯ ಜೊತೆಗೆ ಗೋಧಿ ದೊರೆಯತೊಡಗಿತು. 1956ರಲ್ಲಿ ಅಮೆರಿಕದೊಂದಿಗೆ ಆದ ಪಿ.ಎಲ್. 480 ಒಪ್ಪಂದದ ಮೇಲೆ ಆ ಕಾಲದಲ್ಲಿ ಹಡಗುಗಟ್ಟಲೆ ಗೋಧಿ ದೇಶಕ್ಕೆ ಬರುತ್ತಿತ್ತು. ಚಪಾತಿ ಲಟ್ಟಿಸಲು ಅಜ್ಜಿಗೆ ಬರುತ್ತಿರಲಿಲ್ಲ, ಮನೆಯಲ್ಲಿ ಲಟ್ಟಣಿಗೆಯೂ ಇರಲಿಲ್ಲ. ಬೀಸುವ ಕಲ್ಲಿನಲ್ಲಿ ಗೋಧಿಯನ್ನು ಒಡೆದು ಕಡಿ ಮಾಡಿ ಸಜ್ಜಿಗೆ ಕಾಯಿಸಿದರು, ಹಬ್ಬಕ್ಕೆ ಅದರದ್ದೇ ಪಾಯಸ ಮಾಡಿದರು. ನನ್ನ ಅಮ್ಮನಿಗೆ 1960ರ ದಶಕದ ಶಾಲೆಯ ನೆನಪು ಎಂದರೆ 'ಕೇರ್' ಸಂಸ್ಥೆಯ ಮೂಲಕ ಬಂದ ಮೆಕ್ಕೆಜೋಳದ ಹಳದಿ ಉಪ್ಪಿಟ್ಟು. ಕನ್ನಡ ತರಗತಿಯ ಮಕ್ಕಳೂ ಮಲಯಾಳ ತರಗತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಎಲೆ ಹಿಡಿದು ನಿಲ್ಲುತ್ತಿದ್ದರಂತೆ.

ಬಡತನ, ಅಭಾವಗಳೇ ಬೇಗದ ಅಡುಗೆಗೆ ದಾರಿ ತೋರಿಸಿದ ಉದಾಹರಣೆ ಬೆಂಗಳೂರಿನಲ್ಲಿಯೂ ಉಂಟು. ನಮ್ಮದೇ ಕರಾವಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎನಿಸಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡಿದರು. ಕಡೆಯುವುದೂ ಬೇಡ, ರಾತ್ರಿಯೆಲ್ಲ ಹುಳಿಬರಿಸುವುದೂ ಬೇಡ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲು ನಡೆಸುವುದು ಕಷ್ಟವಾದಾಗ ಅವರೇ ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಇಂದು ನಮ್ಮ ಪೇಟೆಯ ಅಂಗಡಿಗಳಲ್ಲಿ ಸಾಲಾಗಿ ತೂಗುವ ದಿಢೀರ್ ಪೊಟ್ಟಣಗಳಿಗೆ ಹೀಗೊಂದು ಹಿನ್ನೆಲೆಯಿದೆ.

ಇನ್ನು ಯಂತ್ರಗಳ ವಿಷಯ. ಭಾರತೀಯ ಅಡುಗೆಗೆ ಒಗ್ಗುವ 'ಸುಮೀತ್' ಮಿಕ್ಸಿಯನ್ನು ಸತ್ಯಪ್ರಕಾಶ ಮಾಥುರ್ ಎಂಬ ಎಂಜಿನಿಯರರು ರೂಪಿಸಿದ್ದು 1963ರಲ್ಲಿ. ನಮ್ಮ ಊರಿಗೆ ಮಿಕ್ಸಿ ಬಂದದ್ದು ಮುಂಬಯಿಯಿಂದಲ್ಲ, ದುಬಾಯಿಯಿಂದ. ನೆರೆಮನೆಯ ಉಮ್ಮನ ಮಗ 1983ರಲ್ಲಿ ರಜೆಗೆ ಬರುವಾಗ ತಂದದ್ದು. ನಮ್ಮ ಮನೆಗೆ ಆಗ ಕರೆಂಟೇ ಇರಲಿಲ್ಲ. ಅಮ್ಮ ನೆನೆಹಾಕಿದ ಅಕ್ಕಿಯನ್ನು ಪಾತ್ರೆಯಲ್ಲಿ ಹಿಡಿದು, ಅಜ್ಜಿ ಮಧ್ಯಾಹ್ನ ಅಡ್ಡಾದಾಗ ತೋಟದ ದಾರಿಯಿಂದ ಉಮ್ಮನ ಮನೆಗೆ ಹೋಗಿ ಅರೆಸಿ ತರುತ್ತಿದ್ದರು. ಆ ಮನೆಯ ಯಂತ್ರದಲ್ಲಿ ಅರೆದದ್ದು ನಮ್ಮ ಅಡುಗೆಮನೆಗೆ ಬರಬಾರದು ಎಂಬ ಮಡಿಯ ಲೆಕ್ಕ ಅಜ್ಜಿಯದು. ಒಂದು ದಿನ ನೀರುದೋಸೆ ತಿನ್ನುತ್ತ ಅಜ್ಜಿ, "ಇವತ್ತು ಹಿಟ್ಟು ಬಹಳ ನುಣ್ಣಗಾಗಿದೆ" ಎಂದರು. ಅಮ್ಮ ತಲೆ ತಗ್ಗಿಸಿದರು. ಅಜ್ಜಿ ಮತ್ತೆ ಎರಡು ದೋಸೆ ಹಾಕಿಸಿಕೊಂಡು, "ಉಮ್ಮನಿಗೆ ನಾಲ್ಕು ಬಾಳೆಹಣ್ಣು ಕೊಟ್ಟು ಬಾ" ಎಂದಷ್ಟೇ ಹೇಳಿದರು. ಎಲ್ಲವೂ ಅವರಿಗೆ ಗೊತ್ತಿತ್ತು. ನಮ್ಮಲ್ಲಿಗೆ 1987ರಲ್ಲಿ ಕರೆಂಟು ಬಂತು, 1989ರಲ್ಲಿ ಮಿಕ್ಸಿ. ಸಂಜೆ ವೋಲ್ಟೇಜು ಇಳಿದು ಅದು ತಿರುಗದಿದ್ದಾಗ ಅಮ್ಮ ಮತ್ತೆ ಕಲ್ಲಿಗೇ ಹೋಗುತ್ತಿದ್ದರು. ಆದರೂ ಅಮ್ಮನ ಎರಡು ಭುಜಗಳೂ ಇಂದಿಗೂ ಸಮವಾಗಿವೆ. ಯಂತ್ರದ ಉಪಕಾರವನ್ನು ನಾನು ಅಳೆಯುವುದು ಹಾಗೆ.

ಜಂಬರದ ಅಡುಗೆಯ ಕತೆ ಬೇರೆ. ಹಿಂದೆ ಮನೆಯಲ್ಲಿ ಮದುವೆ, ಉಪನಯನ ಎಂದರೆ ಹಿಂದಿನ ಸಂಜೆಯೇ ನೆರೆಕರೆಯವರು ಮೆಟ್ಟುಕತ್ತಿ ಹಿಡಿದು ತರಕಾರಿ ಕೊರೆಯಲು ಬರುತ್ತಿದ್ದರು. ಐನೂರು ಮಂದಿಯ ಅಡುಗೆಯನ್ನು ಹಗುರಮಾಡುತ್ತಿದ್ದುದು ಆ ಕೈಗಳು. ಇಂದು ಕೇಟರಿಂಗಿನವರಿಗೆ ಫೋನು ಮಾಡಿದರೆ ಸಾಕು. ಆದರೂ ಜಂಬರದ ಬೆಳಗಿನ ತಿಂಡಿಗೆ ಸಜ್ಜಿಗೆ, ಒಗ್ಗರಣೆ ಅವಲಕ್ಕಿಗಳೇ ನಿಂತಿವೆ. ತುಳುವಿನಲ್ಲಿ 'ಸಜ್ಜಿಗೆ ಬಜಿಲ್'. ಎಷ್ಟು ಮಂದಿ ಬಂದರೂ ಕಾಲು ಗಂಟೆಯಲ್ಲಿ ಮಾಡಿ ಬಡಿಸಬಹುದು ಎಂಬುದೇ ಅದರ ಗುಟ್ಟು.

1998ರಲ್ಲಿ ಕೇರಳ ಸರಕಾರ ಕುಟುಂಬಶ್ರೀ ಯೋಜನೆಯನ್ನು ಆರಂಭಿಸಿತು. ಅದರ ಅಯಲ್‌ಕೂಟದ ಹೆಂಗಸರು ಸಾಲದ ಕಂತು ಕಟ್ಟಲು ನನ್ನ ಕೌಂಟರಿಗೆ ಬರುತ್ತಾರೆ. ಕೆಲವರು ಗ್ರೈಂಡರು ಕೊಂಡು ದೋಸೆಹಿಟ್ಟು, ಚಪಾತಿ, ಪತ್ತಿರಿ ಮಾಡಿ ಮಾರುವವರು. ಸಂಜೆ ಮನೆಗೆ ಹೋಗುವಾಗ ನಾನು ಕೊಳ್ಳುವ ಹಿಟ್ಟು ಅವರದ್ದೇ. ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಎಂದು ಒಬ್ಬರನ್ನು ಕೇಳಿದೆ. "ಮೂರೂವರೆಗೆ ಅಕ್ಕಾ" ಎಂದರು. ನನ್ನ ಅಡುಗೆ ಬೇಗವಾದದ್ದು ಅವರ ನಿದ್ದೆಯಿಂದ ಎಂದು ಅಂದು ಅರಿವಾಯಿತು. ಆದರೆ ಒಂದು ವ್ಯತ್ಯಾಸವಿದೆ. ಅಜ್ಜಿಯ ದುಡಿಮೆ ಯಾವ ಲೆಡ್ಜರಿಗೂ ಏರಲಿಲ್ಲ; ಇವರ ದುಡಿಮೆಗೆ ಪಾಸ್‌ಬುಕ್ಕಿದೆ.

ಕಳೆದ ವರ್ಷ ನನ್ನ ಮಗಳ ಹುಟ್ಟುಹಬ್ಬಕ್ಕೆ ಹದಿನೈದು ಮಕ್ಕಳು ಬರುವವರಿದ್ದರು. ನಾನು ಮನೆ ಮುಟ್ಟುವಾಗಲೇ ಆರು ಗಂಟೆ. ಕೇಕನ್ನು ಪೇಟೆಯಿಂದ ತಂದಿದ್ದೆ. ಉಳಿದದ್ದಕ್ಕೆ ಅಜ್ಜಿಯ ದಾರಿಯನ್ನೇ ಹಿಡಿದೆ. ನೀರುದೋಸೆ, ಅದಕ್ಕೆ ಬಾಳೆಹಣ್ಣಿನ ರಸಾಯನ. ಹಣ್ಣನ್ನು ಹೆಚ್ಚಿ, ಬೆಲ್ಲ ಕರಗಿಸಿದ ದಪ್ಪ ಕಾಯಿಹಾಲಿಗೆ ಹಾಕಿ, ಏಲಕ್ಕಿ ಪುಡಿ ಉದುರಿಸಿದರೆ ಆಯಿತು, ಒಲೆಯೇ ಬೇಡ. ಮಕ್ಕಳು ಕೇಕನ್ನು ಬಿಟ್ಟು ರಸಾಯನದ ಪಾತ್ರೆಯನ್ನು ಬರಿದುಮಾಡಿದರು. ಮಗಳ ಗೆಳತಿಯೊಬ್ಬಳು ಇದರ ಹೆಸರೇನು, ಮಾಡುವುದು ಹೇಗೆ ಎಂದು ಕೇಳಿದಳು. ಮಗಳು ನನ್ನ ಮುಖ ನೋಡಿದಳು. ಹೆಸರು ಅವಳಿಗೆ ತಿಳಿದಿರಲಿಲ್ಲ. 'ಅಮ್ಮ ಮಾಡುವ ಸ್ವೀಟು' ಎಂದಷ್ಟೇ ಗೊತ್ತಿತ್ತು. ಇಂಗ್ಲಿಷ್ ಮಾಧ್ಯಮ, ಎರಡನೆಯ ಭಾಷೆಯಾಗಿ ಮಲಯಾಳ. ಕನ್ನಡ ಓದಲು ಅವಳಿಗೆ ಬಾರದು. ಆ ಶಾಲೆಗೆ ಸೇರಿಸಿದವಳು ನಾನೇ. ಬೇರೆ ಯಾರನ್ನೂ ದೂರುವಂತಿಲ್ಲ.

ಅಂದು ರಾತ್ರಿ ಅವಳು ನೋಟುಬುಕ್ಕು ತಂದು ನನ್ನ ಪಕ್ಕದಲ್ಲಿ ಕುಳಿತಳು. ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ರಸಾಯನ, ನೀರುದೋಸೆ, ಒಂದೆಲಗದ ತಂಬುಳಿ, ಮೇಲಾರ, ಬೋಳುಹುಳಿ - ಕನ್ನಡದ ಹೆಸರುಗಳು, ಮಲಯಾಳದ ಲಿಪಿ. ಮೊದಲು ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆಮೇಲೆ, ಬರೆಯದೆ ಹೋಗುವುದಕ್ಕಿಂತ ಇದು ಲೇಸು ಎನಿಸಿತು. ಈಗ ಭಾನುವಾರಗಳಲ್ಲಿ ಪ್ರತಿಯೊಂದು ಪುಟದ ಎದುರಿನ ಪುಟದಲ್ಲಿ ನಾನು ಅದನ್ನೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳು ಎರಡನ್ನೂ ಹೋಲಿಸಿ ಅಕ್ಷರ ಕೂಡಿಸುತ್ತಾಳೆ. 'ಬೋ', 'ಳು', 'ಹು', 'ಳಿ' ಎಂಬಲ್ಲಿಗೆ ಬಂದಿದ್ದಾಳೆ.

ಓದುಗ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಹಿರಿಯ ಹೆಂಗಸರು ಇದ್ದರೆ ಹಬ್ಬದ ಹೋಳಿಗೆಯ ವಿಧಾನವನ್ನು ಕೇಳಬೇಡಿ. ಅದನ್ನು ಹೇಳುವವರು ಬಹಳ ಮಂದಿ ಇದ್ದಾರೆ. ಅನಿರೀಕ್ಷಿತವಾಗಿ ನೆಂಟರು ಬಂದಾಗ, ಮನೆಯಲ್ಲಿ ಅಕ್ಕಿ ಮುಗಿದಾಗ, ಮಗುವಿಗೆ ಜ್ವರ ಬಂದಾಗ ಏನು ಮಾಡುತ್ತಿದ್ದರು ಎಂದು ಕೇಳಿ. ಹೇಳಿದ್ದನ್ನು ಹೆಸರಿನೊಂದಿಗೆ, ಕಾಲದೊಂದಿಗೆ ಬರೆದಿಡಿ. ಯಾವ ಲಿಪಿಯಾದರೂ ಆಗಲಿ. ನಮ್ಮ ಕಡೆಯುವ ಕಲ್ಲು ಈಗ ಬಾವಿಕಟ್ಟೆಯ ಬಳಿ ಮಗುಚಿ ಬಿದ್ದಿದೆ. ಅದನ್ನು ಮತ್ತೆ ಒಳಗೆ ತರಬೇಕೆಂಬ ಆಸೆ ನನಗಿಲ್ಲ. ಅದರ ಮುಂದೆ ಕುಳಿತವರ ಹೆಸರುಗಳೂ ಅವರು ಕಂಡುಕೊಂಡ ಉಪಾಯಗಳೂ ಒಳಗೆ ಇದ್ದರೆ ಸಾಕು.